ಒಂದೇ ಬಡಿಸಬಾರದು

ಬೆಳಿಗ್ಗೆ ಅಡುಗೆಮನೆಯ ಡ್ರಾಯರಿನಲ್ಲಿ ಗ್ಯಾಸ್ ಲೈಟರ್ ಹುಡುಕುತ್ತಿದ್ದೆ. ಲೈಟರ್ ಸಿಗಲಿಲ್ಲ, ವಿಷಲ್ ಸಿಕ್ಕಿತು. ನಮ್ಮ ಮನೆಯ ಆ ಡ್ರಾಯರು ಒಂದು ವಿಚಿತ್ರವಾದ ಜಾಗ. ಅವಧಿ ಮುಗಿದ ಮಾತ್ರೆ, ಪಾರ್ಸೆಲ್ ಜೊತೆ ಬಂದ ಸಾಸ್ ಪೊಟ್ಟಣ, ಯಾವ ಬೀಗಕ್ಕೂ ಸೇರದ ಬೀಗದ ಕೈ, ಹೀಗೆ ಎಸೆಯಲು ಮನಸ್ಸು ಬಾರದ್ದೆಲ್ಲ ಅಲ್ಲಿಗೆ ಹೋಗಿ ಬೀಳುತ್ತದೆ. ವಿಷಲನ್ನು ಅಲ್ಲಿ ಹಾಕಿದವಳು ನಾನೇ. ಮೂರು ತಿಂಗಳ ಹಿಂದೆ, ಹಿರಿಯರ ಹಬ್ಬದ ಮಾರನೆಯ ದಿನ, ಇನ್ನು ಇದರ ಕೆಲಸ ಮುಗಿಯಿತು ಅಂದುಕೊಂಡು ಹಾಕಿದ್ದೆ. ಮೇಲಿನ ಹೊಳಪೆಲ್ಲ ಸವೆದು ಒಳಗಿನ ಹಿತ್ತಾಳೆ ಕಾಣುತ್ತದೆ. ಮೂವತ್ತು ಚಿಲ್ಲರೆ ವರ್ಷ ನನ್ನ ಕತ್ತಿನಲ್ಲಿ ನೇತಾಡಿದ್ದು ಅದು. ಬೇರೆ ಹೆಂಗಸರ ಕತ್ತಿಗೆ ಬೀಳುವುದು ನನ್ನ ಕತ್ತಿಗೆ ಬೀಳಲಿಲ್ಲ, ಇದು ಬಿತ್ತು. ಅದರ ಬಗ್ಗೆ ನನಗೆ ಬೇಜಾರಿಲ್ಲ, ನೀವೂ ಮಾಡಿಕೊಳ್ಳಬೇಡಿ.

ನಾನು ಪಿ.ಟಿ. ಟೀಚರ್ ಆಗಿದ್ದವಳು. ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೇರಿ, ಅಲ್ಲೇ ಹೋದ ವರ್ಷ ರಿಟೈರ್ ಆದೆ. ಪಿ.ಟಿ. ಟೀಚರ್ ಅಂದರೆ ಯಾರು ಗೊತ್ತಲ್ಲ? ಪ್ರೇಯರ್‌ಗೆ ಸಾಲು ನಿಲ್ಲಿಸುವವಳು, ಲೇಟಾಗಿ ಬಂದವರನ್ನು ಗೇಟಿನಲ್ಲಿ ಹಿಡಿಯುವವಳು, ಯಾರಾದರೂ ದೊಡ್ಡವರು ಬಂದರೆ ಮಕ್ಕಳಿಂದ ಚಪ್ಪಾಳೆ ಹೊಡೆಸುವವಳು. ಪಿ.ಟಿ. ಮಾಡಿಸುವುದೊಂದು ಬಿಟ್ಟು ಮಿಕ್ಕ ಎಲ್ಲ ಕೆಲಸವೂ ಅವಳದ್ದೇ. ದಸರಾ ರಜ ಮುಗಿದು ಸ್ಕೂಲು ತೆರೆದ ವಾರಕ್ಕೇ ಗಣಿತದ ಮೇಡಂ ಸ್ಟಾಫ್‌ರೂಮಿನಲ್ಲಿ ನನ್ನ ಪಕ್ಕ ಬಂದು ಕೂರುವರು. ಪೋರ್ಷನ್ ಮುಗಿದಿಲ್ಲ, ನಿಮ್ಮ ಪೀರಿಯಡ್ ಕೊಟ್ಟುಬಿಡಿ ಅನ್ನುವರು. ಪಕ್ಕದ ಮನೆಯವರು ಒಂದು ಲೋಟ ಸಕ್ಕರೆ ಕೇಳುವ ಧಾಟಿಯಲ್ಲೇ ಇರುತ್ತಿತ್ತು ಅದು. ಕೊಡದೆ ಏನು ಮಾಡಲಿ, ಹೆಡ್‌ಮೇಡಂ ಅವರ ಕಡೆ. ಮೈದಾನವಾದರೂ ಎಷ್ಟಿತ್ತು ಅಂತೀರಿ, ಎರಡು ಆಟೋ ತಿರುಗಿಸುವಷ್ಟು. ಅದರಲ್ಲೂ ಅರ್ಧಕ್ಕೆ ಶೀಟು ಹೊದಿಸಿ ಟೀಚರುಗಳ ಸ್ಕೂಟರ್ ನಿಲ್ಲಿಸಿದರು. ನಾನು ನನ್ನ ಸ್ಕೂಟರನ್ನೂ ಅಲ್ಲೇ ನಿಲ್ಲಿಸುತ್ತಿದ್ದೆ.

ಉಳಿದ ಅರ್ಧದಲ್ಲಿ ಹುಡುಗಿಯರು ಕೈ ಮೇಲೆತ್ತುತ್ತಿದ್ದರು, ಇಳಿಸುತ್ತಿದ್ದರು. ನಾನು ಮೊಳಕೆ ಕಾಳು, ಹಸಿ ತರಕಾರಿ, ಸೊಪ್ಪು ಅಂತ ಭಾಷಣ ಬಿಗಿಯುತ್ತಿದ್ದೆ. ಬೆಳಿಗ್ಗೆ ಏನೂ ತಿನ್ನದೆ ಬಂದು ಪ್ರೇಯರ್‌ನಲ್ಲಿ ತಲೆ ತಿರುಗಿ ಬೀಳುವ ಮಕ್ಕಳಿಗೆಂದು ನನ್ನ ಬ್ಯಾಗಿನಲ್ಲಿ ಸದಾ ಕಡಲೆಕಾಯಿ ಬೀಜ, ಬೆಲ್ಲದ ಚೂರು ಇರುತ್ತಿತ್ತು. ಒಂದು ಸಲ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, ಮಿಸ್ ಇವತ್ತು ನಿಮ್ಮನೇಲಿ ಏನು ತಿಂಡಿ ಅಂತ ಕೇಳಿದಳು. ಅವತ್ತು ನಮ್ಮ ಮನೆಯಲ್ಲಿ ಪೂರಿ ಸಾಗು. ನಾನು ನಾಲ್ಕು ತಿಂದು ಬಂದಿದ್ದೆ. ವಿಷಲ್ ಊದಿ ಎಲ್ಲರನ್ನೂ ಓಡಿಸಿಬಿಟ್ಟೆ.

ನಾಲ್ಕು ತಿನ್ನದೆ ನಮ್ಮ ಮನೆಯಿಂದ ಹೊರಗೆ ಬರುವ ಹಾಗೇ ಇರಲಿಲ್ಲ. ನಮ್ಮದು ಮಾವಳ್ಳಿ, ಲಾಲ್‌ಬಾಗಿನ ಕಾಂಪೌಂಡಿಗೆ ಎರಡು ಬೀದಿ ಈಚೆ. ತಾತನ ಕಾಲದಲ್ಲಿ ನಮ್ಮವರು ಅಲ್ಲೇ ಹತ್ತಿರದಲ್ಲಿ ಸೊಪ್ಪು ಬೆಳೆದು ಮಾರುಕಟ್ಟೆಗೆ ಹೊರುತ್ತಿದ್ದರು. ಈಗ ನಾವು ಒಂದು ಕಟ್ಟು ದಂಟು ಬೇಕಾದರೂ ಫೋನ್ ಒತ್ತಿ ತರಿಸುತ್ತೇವೆ. ಹೊಲ ಹೋಯಿತು, ಊಟ ಹೋಗಲಿಲ್ಲ. ಗುದ್ದಲಿ ಹಿಡಿಯುವವರಿಗೆ ಎಷ್ಟು ಬೇಕೋ ಅಷ್ಟು ಬಡಿಸುವ ಕೈ ಹಾಗೇ ಉಳಿಯಿತು, ತಿನ್ನುವವರು ಮಾತ್ರ ಕುರ್ಚಿ ಮೇಲೆ ಕೂತರು. ಆ ಕೈ ನಮ್ಮ ಅವ್ವನದು. ಅವಳಿಗೆ ಎಂಬತ್ತು ದಾಟಿದೆ.

ಅವ್ವನದೊಂದು ಕಟ್ಟಳೆ ಇದೆ. ಯಾರಿಗೇ ಆಗಲಿ, ಏನನ್ನೇ ಆಗಲಿ, ಒಂದೇ ಬಡಿಸಬಾರದು. ದೋಸೆಯಾದರೆ ಎರಡು, ರೊಟ್ಟಿಯಾದರೆ ಎರಡು, ಸಾರಾದರೂ ಎರಡು ಸೌಟು. ಮೀಟರ್ ಓದಲು ಬಂದವನೂ ಎರಡು ಇಡ್ಲಿ ತಿಂದು ಹೋಗಬೇಕು. ಎರಡನೆಯದು ಬೇಡ ಅಂದರೆ ಅವಳ ಮುಖದಲ್ಲಿ ಕೋಪ ಬರುವುದಿಲ್ಲ, ಭಯ ಬರುತ್ತದೆ. ಚಿಕ್ಕವಳಿದ್ದಾಗ ಯಾಕೆ ಅಂತ ಕೇಳಿದ್ದೆ. ಅತ್ತಿತ್ತ ನೋಡಿ ಹತ್ತಿರ ಕರೆದು ಹೇಳಿದಳು: ಸತ್ತವರ ಎಡೆಗೆ ಮಾತ್ರ ಒಂದೇ ಸಲ ಇಕ್ಕುವುದು, ಅವರು ಇನ್ನೊಂದು ಕೇಳುವುದಿಲ್ಲವಲ್ಲ. ಒಂದನ್ನೇ ಮುರಿದು ಎರಡು ಮಾಡಿ ಹಾಕಿದರಾಗದೇ ಅಂತ ನಾನು ಜಾಣತನ ತೋರಿಸಿದ್ದಕ್ಕೆ, ದೇವರ ಜೊತೆ ಮೋಸದಾಟ ಆಡುತ್ತೀಯಾ ಅಂತ ತಲೆಗೆ ಮೊಟಕಿದಳು. ನನ್ನ ಬೆನ್ನಿಗೆ ಹುಟ್ಟಿದ ಎರಡು ಮಕ್ಕಳು ವರ್ಷ ತುಂಬುವ ಮೊದಲೇ ಹೋಗಿದ್ದವು. ಅವು ಅನ್ನ ತಿನ್ನುವ ವಯಸ್ಸಿಗೇ ಬರಲಿಲ್ಲ. ಅವ್ವನ ಭಯ ಎಲ್ಲಿಂದ ಬಂತು ಅಂತ ನಾನು ಯಾವತ್ತೂ ಕೇಳಬೇಕಾಗಿ ಬರಲಿಲ್ಲ.

ಆಮೇಲೆ ಹುಟ್ಟಿದವನು ನಾಗರಾಜ, ನಮ್ಮ ನಾಗು. ನನಗಿಂತ ಹದಿನೈದು ವರ್ಷ ಚಿಕ್ಕವನು. ನಾನು ಎತ್ತಿ ಆಡಿಸಿದ ತಮ್ಮ. ಹುಟ್ಟಿನಿಂದ ಕಡ್ಡಿ. ಅವನ ಪಕ್ಕೆಲುಬು ನೋಡಿದಾಗಲೆಲ್ಲ ಅವ್ವ ಒಂದು ತುತ್ತು ಜಾಸ್ತಿ ಕಲಸುತ್ತಿದ್ದಳು. ನನಗೆ ಕೆಲಸ ಸಿಕ್ಕಾಗ ಅವನಿಗೆ ಏಳೋ ಎಂಟೋ. ಈ ವಿಷಲ್ ಆಗ ಹೊಸದು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಭಾನುವಾರ ಬೆಳಿಗ್ಗೆ ಅವನನ್ನು ಲಾಲ್‌ಬಾಗಿನ ಬಂಡೆಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಕೆಳಗೆ ನಿಂತು ಊದಿದರೆ ಚಡ್ಡಿ ಹಿಡಿದುಕೊಂಡು ಒಂದೇ ಉಸಿರಿಗೆ ಮೇಲಿನ ಮಂಟಪ ಮುಟ್ಟುತ್ತಿದ್ದ. ಇಳಿದು ಬಂದು, ಅಕ್ಕ ಇನ್ನೊಂದು ಸಲ ಊದು ಅನ್ನುತ್ತಿದ್ದ. ನನಗೆ ಸಾಕಾಗುತ್ತಿತ್ತೇ ಹೊರತು ಅವನಿಗೆ ಆಗುತ್ತಿರಲಿಲ್ಲ. ನಾನು ಕಲಿಸಿದವರಲ್ಲಿ ಅವನ ಹಾಗೆ ಓಡಿದವರು ಇನ್ನೊಬ್ಬರಿಲ್ಲ.

ದೊಡ್ಡವನಾಗಿ ಸೈಟು ಬಿಸಿನೆಸ್ಸಿಗೆ ಇಳಿದ. ಸೈಟಿನ ವ್ಯಾಪಾರ ನಡೆಯುವುದು ಸೈಟಿನಲ್ಲಲ್ಲ, ಹೋಟೆಲಿನ ಟೇಬಲ್ಲಿನಲ್ಲಿ. ಮಾತು ಶುರುವಾದರೆ ಬೋಂಡಾ, ಮುಗಿದರೆ ಜಾಮೂನು, ಮುರಿದು ಬಿದ್ದರೆ ಬೇಜಾರಿಗೆ ಬಿರಿಯಾನಿ. ಮದುವೆಯಾದ, ಭರತ್ ಹುಟ್ಟಿದ, ಬೆಲ್ಟಿನ ತೂತು ಒಂದೊಂದೇ ಹಿಂದೆ ಹೋಯಿತು. ವಾಕಿಂಗ್ ಮಾಡುತ್ತಿರಲಿಲ್ಲವೇ ಅಂತ ಕೇಳಬೇಡಿ, ದಿನಾ ಮಾಡುತ್ತಿದ್ದ. ನಮ್ಮ ಕಡೆಯ ವಾಕಿಂಗ್ ಎಂಥದ್ದು ಅಂತ ನಿಮಗೂ ಗೊತ್ತಿದೆ. ಆರೇಳು ಜನ ಗೆಳೆಯರು ಬೆಳಕು ಹರಿಯುವಾಗ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕುತ್ತಾರೆ, ರಾಜಕೀಯ ಮಾತಾಡುತ್ತಾರೆ, ಬೆವರು ಬಂತೋ ಇಲ್ಲವೋ ಗೇಟಿನಿಂದ ನೇರ ಹೋಟೆಲಿಗೆ ಹೋಗುತ್ತಾರೆ. ಇಡ್ಲಿ, ಸಾಂಬಾರಿನಲ್ಲಿ ಮುಳುಗಿಸಿದ ವಡೆ, ಖಾರಾಬಾತು, ಕೇಸರಿಬಾತು, ಬೈಟೂ ಕಾಫಿ. ಮನೆಗೆ ಬಂದ ಮೇಲೆ ಅವ್ವನ ಎರಡು ದೋಸೆ. ನಾನು ಬೈದರೆ, ನಡೆದಿದ್ದಕ್ಕೆ ಸಂಬಳ ಬೇಡವೇನಕ್ಕ ಅಂತ ನನ್ನ ಕೆನ್ನೆ ಹಿಂಡುತ್ತಿದ್ದ. ನಿನ್ನ ವಿಷಲ್ ಸ್ಕೂಲಲ್ಲಿ ಊದು ಅನ್ನುತ್ತಿದ್ದ. ಆ ನಗು ನೋಡಿದರೆ ನನಗೂ ನಗು ಬರುತ್ತಿತ್ತು.

ಎರಡೂವರೆ ವರ್ಷದ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯಲು ಎದ್ದ. ಸಿಂಕಿನ ಹತ್ತಿರ ಹೋದವನು ನಲ್ಲಿ ತಿರುಗಿಸಲಿಲ್ಲ. ಗೋಡೆ ಹಿಡಿದುಕೊಂಡು ಕೂತ, ಆಮೇಲೆ ಮಲಗಿದ. ಆಸ್ಪತ್ರೆ ನಮಗೆ ಹತ್ತೇ ನಿಮಿಷ. ಅಷ್ಟು ಹೊತ್ತು ಅವನಿಗೆ ಇರಲಿಲ್ಲ. ಅವನ ಎಂಜಲು ಕೈಯನ್ನು ನಾನೇ ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ನಲವತ್ನಾಲ್ಕು ವರ್ಷ ಅವನಿಗೆ.

ವರ್ಷದ ಕಾರ್ಯ ಮುಗಿದ ಮೇಲೆ ಬಂದ ಮೊದಲ ಹಿರಿಯರ ಹಬ್ಬಕ್ಕೆ ಅವನಿಗೂ ಎಡೆ ಇಟ್ಟೆವು. ನಮ್ಮಲ್ಲಿ ಎಡೆ ಅಂದರೆ ಸತ್ತವರಿಗೆ ಏನೇನು ಇಷ್ಟವೋ ಅದೆಲ್ಲ. ಫೋಟೊ ಮುಂದೆ ಬಾಳೆ ಎಲೆ ಹಾಸಿ ಬಡಿಸುತ್ತೇವೆ. ಊದುಕಡ್ಡಿ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಅವರು ಬಂದು ತಿಂದು ಹೋಗುವಷ್ಟು ಹೊತ್ತು ಯಾರೂ ಮಾತಾಡಬಾರದು. ನಾಗುವಿನ ಎಲೆಗೆ ಅವ್ವ ನಾಟಿಕೋಳಿ ಸಾರು ಬಡಿಸಿದಳು, ಬೋಂಡಾ, ಕಜ್ಜಾಯ, ಬೇಕರಿಯ ದಿಲ್‌ಪಸಂದ್ ಇಟ್ಟಳು. ಪಕ್ಕದಲ್ಲಿ ಅವನ ಸಿಗರೇಟು ಪ್ಯಾಕೂ ಇತ್ತು. ಅವನನ್ನು ಯಾವ್ಯಾವುದು ಕೊಂಡುಹೋಯಿತೋ ಅದನ್ನೆಲ್ಲ ಅವನ ಮುಂದೆಯೇ ಸಾಲಾಗಿ ಜೋಡಿಸಿ, ನಾವು ಹೊರಗೆ ಕೈಕಟ್ಟಿ ನಿಂತಿದ್ದೆವು. ಬಾಗಿಲು ತೆರೆದ ಮೇಲೆ ಆ ಎಲೆಯ ಪ್ರಸಾದವನ್ನು ಮೊದಲು ಮಗ ತಿನ್ನಬೇಕು. ಭರತ್ ಕೂತು ತಿಂದ. ಅವನಿಗಾಗ ಹದಿನೈದು.

ಅಪ್ಪ ಇಲ್ಲದ ಹುಡುಗ ಅಂತ ಇಡೀ ಬೀದಿ ಅವನಿಗೆ ಉಣಿಸಲು ನಿಂತಿತ್ತು. ಎದುರು ಮನೆಯವರು ಮೈಸೂರುಪಾಕು ಕಳಿಸಿದರು, ಮೇಲಿನ ಬೀದಿಯವರು ಬಿರಿಯಾನಿ ಡಬ್ಬಿ. ಅವನಮ್ಮ ಸುಮಿತ್ರಾ ಇನ್ಷೂರೆನ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಮಗ ಬರುವ ಹೊತ್ತಿಗೆ ತಾನು ಮನೆಯಲ್ಲಿಲ್ಲವಲ್ಲ ಅನ್ನುವ ಸಂಕಟಕ್ಕೆ ಆಫೀಸಿನಲ್ಲೇ ಕೂತು ಅವನಿಗೆ ಪಿಜ್ಜಾ ಕಳಿಸುತ್ತಿದ್ದಳು. ಅವ್ವನಂತೂ ಅವನ ತಟ್ಟೆಯ ಪಕ್ಕದಿಂದ ಏಳುತ್ತಲೇ ಇರಲಿಲ್ಲ. ಇನ್ನು ಮೊಳಕೆ ಕಾಳಿನ ಭಾಷಣಗಾರ್ತಿಯಾದ ನಾನು? ಶನಿವಾರ ಶನಿವಾರ ಬೇಕರಿಯಿಂದ ದಿಲ್‌ಪಸಂದ್ ತರುತ್ತಿದ್ದೆ, ಅವರಪ್ಪನಿಗೆ ಇಷ್ಟ ಅಂತ. ಹುಡುಗ ಯಾರಿಗೂ ಬೇಡ ಅನ್ನಲಿಲ್ಲ. ಕಾಲೇಜಿಗೆ ಸೇರುವ ಹೊತ್ತಿಗೆ ಹಳೆಯ ಅಂಗಿ ಒಂದೂ ಮೈಗೆ ಹತ್ತುತ್ತಿರಲಿಲ್ಲ. ಅವರಪ್ಪ ಸೈಟು ಮಾರುತ್ತಿದ್ದ ಅಂತ ಗೊತ್ತಿದ್ದ ಕ್ಲಾಸಿನ ಹುಡುಗರು ಅವನಿಗೆ ಸೈಟಿನ ಅಳತೆಯನ್ನೇ ಹಿಡಿದು 'ಥರ್ಟಿ ಫಾರ್ಟಿ' ಅಂತ ಹೆಸರಿಟ್ಟರು. ನನಗೆ ಇದು ಗೊತ್ತಾದದ್ದು ಬಹಳ ತಡವಾಗಿ.

ಅವನ ಕತ್ತಿನ ಹಿಂದೆ ಕಪ್ಪಗೆ ಒಂದು ಪಟ್ಟೆ ಬಂತು. ಅವ್ವ ಅದನ್ನು ಕೊಳೆ ಅಂದುಕೊಂಡಳು. ಈಗಿನ ಹುಡುಗರು ಸರಿಯಾಗಿ ಮೈ ತಿಕ್ಕಿಕೊಳ್ಳುವುದಿಲ್ಲ ಅಂತ ಗೊಣಗುತ್ತಾ ಭಾನುವಾರ ಅವನನ್ನು ಬಚ್ಚಲಿನಲ್ಲಿ ಕೂರಿಸಿ, ಕಡಲೆಹಿಟ್ಟು ಹಾಕಿ, ನಿಂಬೆಹೋಳು ಹಿಡಿದು ತಿಕ್ಕಿದಳು. ಪಟ್ಟೆ ಹೋಗಲಿಲ್ಲ. ಮುಂದಿನ ಭಾನುವಾರ ಇನ್ನೂ ಜೋರಾಗಿ ತಿಕ್ಕಿದಳು. ಚರ್ಮ ಕೆಂಪಾದರೂ ಹುಡುಗ ತಲೆ ಬಗ್ಗಿಸಿಕೊಂಡು ಕೂತಿರುತ್ತಿದ್ದ. ಆಮೇಲೊಮ್ಮೆ ಜ್ವರ ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆ ಡಾಕ್ಟರಮ್ಮ ನಾಲಿಗೆ ನೋಡುವ ಮೊದಲು ಅವನ ಕತ್ತು ನೋಡಿದರು. ಇದು ಕೊಳೆಯಲ್ಲ, ಒಳಗೆ ಸಕ್ಕರೆ ಕೆಟ್ಟಿರುವುದರ ಗುರುತು ಅಂದರು. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಅವರಪ್ಪ ಏನು ಮಾಡುತ್ತಾರೆ ಅಂತ ಕೇಳಿದರು, ಹೇಳಿದೆ. ವಯಸ್ಸೆಷ್ಟಿತ್ತು ಅಂತ ಕೇಳಿದರು, ಅದನ್ನೂ ಹೇಳಿದೆ. ಪೆನ್ನು ಕೆಳಗಿಟ್ಟು, ಹುಡುಗನ ಮುಖವನ್ನೇ ನೋಡಿಕೊಂಡು, ಈ ವಯಸ್ಸಿಗೆ ಬಂದದ್ದು ಬೇಗ ಬೇಗ ಹತ್ತುತ್ತದೆ, ಕಣ್ಣು, ಕಿಡ್ನಿ, ಹೃದಯ ಯಾವುದನ್ನೂ ಬಿಡುವುದಿಲ್ಲ ಅಂದರು. ಊಟ ಅರ್ಧವಾಗಬೇಕು, ದಿನಾ ನಡೆಯಬೇಕು, ಮುಂದಿನ ತಿಂಗಳಿನಿಂದ ಅಲ್ಲ, ನಾಳೆಯಿಂದ ಅಂದರು. ಮನೆಗೆ ಬಂದು ಅವ್ವನಿಗೆ ಬಿಡಿಸಿ ಹೇಳಿದೆ. ಅವಳು ಗಲ್ಲಕ್ಕೆ ಕೈ ಇಟ್ಟುಕೊಂಡು ಕೇಳಿ, ಹಾಗಾದರೆ ಸಕ್ಕರೆ ನಿಲ್ಲಿಸಿ ಬೆಲ್ಲ ಹಾಕೋಣ ಬಿಡು ಅಂದಳು.

ಹಾಗೆ ಈ ವಿಷಲ್ ಮತ್ತೆ ಹೊರಗೆ ಬಂತು. ಬೆಳಿಗ್ಗೆ ಭರತನ ಮಂಚದ ಪಕ್ಕ ನಿಂತು ಊದುತ್ತಿದ್ದೆ. ಊದಬೇಡ ಅತ್ತೆ, ಬೀದಿಗೆಲ್ಲ ಕೇಳುತ್ತದೆ ಅಂತ ಅವನು ದಿಂಬಿನೊಳಗಿನಿಂದ ಗೋಗರೆಯುತ್ತಿದ್ದ. ಕೇಳಲಿ ಅಂತಲೇ ಊದುತ್ತಿದ್ದೆ. ಅವನು ದೊಡ್ಡ ಹೆಜ್ಜೆ ಇಟ್ಟರೂ ನಿಧಾನ, ನಾನು ಮಂಡಿ ನೋವಿನಲ್ಲಿ ಸಣ್ಣ ಹೆಜ್ಜೆ ಇಟ್ಟರೂ ಜೋರು. ಲಾಲ್‌ಬಾಗಿನಲ್ಲಿ ನಮ್ಮನ್ನು ನೋಡಿದವರು ನಕ್ಕಿರಬಹುದು. ಮೊದಲನೆಯ ವಾರ ಕೆರೆಯ ಹತ್ತಿರ ಹೋಗುವಷ್ಟರಲ್ಲಿ ಎರಡು ಕಡೆ ಕೂತ. ಎರಡನೆಯ ವಾರ ಒಂದು ಕಡೆ ಕೂತ. ನನಗೆ ನನ್ನ ಕೆಲಸ ವಾಪಸ್ ಸಿಕ್ಕಿತು ಅನ್ನುವ ಜಂಬ ಬೇರೆ.

ಆಮೇಲೆ ಒಂದು ದಿನ ಗೇಟಿನ ಹೊರಗೆ ಅವನಿಗೆ ನಾಗುವಿನ ಗೆಳೆಯರ ಗುಂಪು ಸಿಕ್ಕಿತು. ಒಂದೇ ಒಂದು ಬೆಳಿಗ್ಗೆ ನಾನು ಹಿಂದೆ ಉಳಿದಿದ್ದೆ, ಚಪ್ಪಲಿ ಕಿತ್ತಿತ್ತು ಅಂತ. ನಾನು ಬರುವಷ್ಟರಲ್ಲಿ ಹುಡುಗ ಹೋಟೆಲಿನೊಳಗೆ ಅವರಪ್ಪನ ಜಾಗದಲ್ಲಿ ಕೂತಿದ್ದ. ಮುಂದೆ ಇಡ್ಲಿ, ವಡೆ, ಕೇಸರಿಬಾತು. ಒಬ್ಬೊಬ್ಬರೂ ಅವನ ಬೆನ್ನು ಸವರುತ್ತಿದ್ದರು, ಒಬ್ಬರು ಅವನ ತಟ್ಟೆಗೆ ತಮ್ಮ ವಡೆ ಎತ್ತಿ ಹಾಕುತ್ತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು, ಹೋಟೆಲಿನ ನಡುವೆ ನಿಂತು ವಿಷಲ್ ಊದಿಬಿಟ್ಟೆ. ಕಾಫಿ ತರುತ್ತಿದ್ದವನು ನಿಂತಲ್ಲೇ ನಿಂತ. ಭರತ್ ಎದ್ದು ತಲೆ ತಗ್ಗಿಸಿ ಹೊರಗೆ ಬಂದ. ಆ ಗುಂಪಿನ ಹಿರಿಯರೊಬ್ಬರು ನನ್ನ ಹಿಂದೆಯೇ ಬಂದು, ಬೈಬೇಡಮ್ಮ, ಅವನನ್ನು ನೋಡಿದರೆ ನಾಗುನೇ ಬಂದು ಕೂತ ಹಾಗಾಯಿತು, ಅದಕ್ಕೇ ಕರೆದೆವು ಅಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ವಿಷಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಭರತನ ಹಿಂದೆ ನಡೆದೆ.

ಭರತ್ ನನ್ನ ಜೊತೆ ಕೆಲವು ದಿನ ಮಾತು ಬಿಟ್ಟ. ನಡೆಯಲು ಮಾತ್ರ ಬರುತ್ತಿದ್ದ. ಒಂದು ಬೆಳಿಗ್ಗೆ ತಾನಾಗಿಯೇ ಬಂಡೆಯ ಕಡೆ ತಿರುಗಿದ. ಅರ್ಧ ಹತ್ತುವಷ್ಟರಲ್ಲಿ ಏದುಸಿರು ಬಂದು ಅಲ್ಲೇ ಕೂತ. ಪಕ್ಕದಲ್ಲಿ ನಾನೂ ಕೂತೆ. ಬೆವರು ಒರೆಸಿಕೊಂಡು, ಅಪ್ಪ ಇದನ್ನು ನಿಜವಾಗಲೂ ಓಡಿಕೊಂಡು ಹತ್ತುತ್ತಿದ್ದರಾ ಅಂತ ಕೇಳಿದ. ಹತ್ತುತ್ತಿದ್ದ, ನಾನೇ ವಿಷಲ್ ಊದುತ್ತಿದ್ದೆ ಅಂದೆ. ಅವನು ಮೇಲಿನ ಮಂಟಪವನ್ನು ನೋಡಿದ.

"ಹಾಗಾದ್ರೆ ನಂಗೂ ನಲವತ್ನಾಲ್ಕೇನಾ ಅತ್ತೆ?" ಅಂದ.

ಮೂವತ್ತು ಚಿಲ್ಲರೆ ವರ್ಷ ಮಕ್ಕಳ ಪ್ರಶ್ನೆಗಳಿಗೆ ಜೋರು ಗಂಟಲಿನಲ್ಲಿ ಉತ್ತರ ಹೇಳಿದವಳು ನಾನು. ಅವತ್ತೂ ಡ್ರಿಲ್ ಮಾಡಿಸುವ ದನಿ ತಂದುಕೊಂಡು, ದಿನಾ ನಡೆದರೆ, ಊಟ ಕಮ್ಮಿ ಮಾಡಿದರೆ ಯಾಕೆ ಆಗುತ್ತದೆ ಅಂದೆ.

"ಕಮ್ಮಿ ತಿನ್ನೋದು ಕಷ್ಟ ಅಲ್ಲ. ನಾನು ತಿನ್ನುವಾಗ ಮಾತ್ರ ಅಜ್ಜಿ ಅಳಲ್ಲ. ನೀನು ನೋಡಿಲ್ವಾ?"

ನೋಡಿದ್ದೆ. ಮನೆಯಲ್ಲಿ ಎಲ್ಲರೂ ನೋಡಿದ್ದೆವು, ನೋಡಿ ಅವನ ಪಾಲಿಗೇ ಬಿಟ್ಟಿದ್ದೆವು. ಹದಿನಾರು ವರ್ಷದ ಹುಡುಗ ಮುದುಕಿಯ ಅಳು ನಿಲ್ಲಿಸುವುದಕ್ಕೆ ದಿನಾ ಎರಡು ಹೊತ್ತು ಹೊಟ್ಟೆ ಬಿರಿಯುವ ಹಾಗೆ ತಿನ್ನುತ್ತಿದ್ದ. ನಾನು ಅವನನ್ನು ಹೊಟ್ಟೆಬಾಕ ಅಂದುಕೊಂಡು ವಿಷಲ್ ಊದುತ್ತಿದ್ದೆ.

ಅವತ್ತು ಮನೆಗೆ ಬಂದು ಅವ್ವನ ಜೊತೆ ಜಗಳವಾಡಿದೆ. ಅವನಿಗೆ ಒಂದೇ ಹಾಕು ಅಂದೆ. ಅವಳು ಕಿವಿ ಮುಚ್ಚಿಕೊಂಡಳು. ನನ್ನ ಬಾಯಿಯಲ್ಲಿ ಅಂಥ ಮಾತು ಯಾಕೆ ಬಂತು ಅಂತ ದೇವರ ಮನೆಯ ಕಡೆ ತಿರುಗಿ ಕೈ ಮುಗಿದಳು. ಸುಮಿತ್ರಾ ಹೇಳಿ ನೋಡಿದಳು, ಡಾಕ್ಟರ ಹೆಸರು ಹೇಳಿ ಹೆದರಿಸಿಯೂ ನೋಡಿದಳು. ಡಾಕ್ಟರಿಗೆ ಇದೆಲ್ಲ ಏನು ಗೊತ್ತು ಅಂದಳು ಅವ್ವ. ಮಾರನೆಯ ದಿನ ಎರಡು ದೋಸೆ ಮಾಡಿದಳು, ಗಾತ್ರ ಸ್ವಲ್ಪ ಚಿಕ್ಕದು. ಅದರ ಮಾರನೆಯ ದಿನ ಮತ್ತೆ ದೊಡ್ಡದು. ಅಷ್ಟರಲ್ಲಿ ಹಿರಿಯರ ಹಬ್ಬ ಬಂತು.

ಆ ದಿನ ಅವ್ವನ ಕೈ ಹಿಡಿಯುವವರು ಯಾರು? ಹಿಂದಿನ ದಿನದಿಂದಲೇ ಪಾಕ ಹಿಡಿದು ಕಜ್ಜಾಯ ಕರಿದಳು. ಕೋಳಿ ಸಾರು, ಬೋಂಡಾ, ಎಲ್ಲ ಹೋದ ವರ್ಷದ ಹಾಗೇ ಆಯಿತು. ನಾಗುವಿನ ಎಲೆಗೆ ಎಲ್ಲವನ್ನೂ ಒಂದೊಂದೇ ಬಡಿಸಿದಳು. ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತೆವು. ಒಳಗೆ ಫ್ಯಾನಿನ ಸದ್ದು ಕೇಳುತ್ತಿತ್ತು. ಅವ್ವ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದಳು, ಮಗ ಬಂದದ್ದು ಅವಳಿಗೆ ಕೇಳುತ್ತಿತ್ತೋ ಏನೋ. ನನಗೆ ಮಾತ್ರ ಸಿಂಕಿನ ಹತ್ತಿರ ಕೂತ ನಾಗು ಕಣ್ಣ ಮುಂದೆ ಬಂದ.

ಬಾಗಿಲು ತೆರೆದ ಮೇಲೆ ಭರತ್ ಎಲೆಯ ಮುಂದೆ ಕೂತ. ಅವರಪ್ಪನ ಎಡೆಯಿಂದ ಒಂದು ಕಜ್ಜಾಯ ತೆಗೆದುಕೊಂಡ, ನಿಧಾನವಾಗಿ ತಿಂದು ಮುಗಿಸಿದ. ಅವ್ವ ಎರಡನೆಯದನ್ನು ಹಿಡಿದುಕೊಂಡು ಬಂದಳು. ಅವನು ಎಲೆಯ ಮೇಲೆ ಕೈ ಅಡ್ಡ ಇಟ್ಟ.

"ಬೇಡ ಅಜ್ಜಿ. ಒಂದು ಸಾಕು."

"ಒಂದು ಅವನಿಗೆ ಕಣಪ್ಪ." ಅವ್ವ ಫೋಟೊ ಕಡೆ ತೋರಿಸಿದಳು. "ನಿಂಗೆ ಒಂದು ಇಕ್ಕಬಾರ್ದು."

ಹುಡುಗ ಫೋಟೊ ನೋಡಿದ, ಆಮೇಲೆ ಅವಳನ್ನು ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದ್ದನ್ನು ಕೇಳುವವನ ಹಾಗೆ ಕೇಳಿದ.

"ಅಪ್ಪಂಗೆ ಬದುಕಿದ್ದಷ್ಟು ದಿನಾನೂ ಎರಡೆರಡೇ ಇಕ್ಕಿದ್ಯಲ್ಲ ಅಜ್ಜಿ?"

ಸುಮಿತ್ರಾ ಮಗನನ್ನು ಗದರಲು ಎದ್ದಳು. ನಾನು ಅವಳ ಕೈ ಹಿಡಿದುಕೊಂಡೆ. ಅವ್ವ ಕಜ್ಜಾಯ ಹಿಡಿದುಕೊಂಡು ನಿಂತೇ ಇದ್ದಳು. ಎಣ್ಣೆ ಅವಳ ಬೆರಳಿನಿಂದ ಮುಂಗೈಗೆ ಇಳಿಯುತ್ತಿತ್ತು. ಬಹಳ ಹೊತ್ತಾದ ಮೇಲೆ ಅದನ್ನು ಪಾತ್ರೆಗೆ ವಾಪಸ್ ಹಾಕಿದಳು. ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ನಾವು ಕರೆದರೂ ಬರಲಿಲ್ಲ, ಊಟ ಮಾಡಲಿಲ್ಲ, ಅಳಲೂ ಇಲ್ಲ. ಭರತ್ ಹೋಗಿ ಅವಳ ಕಾಲ ಹತ್ತಿರ ಕೂತ. ಅವನ ಕತ್ತಿನ ಮೇಲಿನ ಕಪ್ಪು ಪಟ್ಟೆಯ ಮೇಲೆ ಅವಳು ಕೈ ಇಟ್ಟಳು, ತಿಕ್ಕಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ವಿಷಲ್ ಹಿಡಿದುಕೊಂಡು ಹೋದಾಗ ಮಂಚ ಖಾಲಿ ಇತ್ತು. ಹುಡುಗ ಒಬ್ಬನೇ ನಡೆದು ಬಂದು ಬೆವರುತ್ತಾ ಅಡುಗೆಮನೆಯಲ್ಲಿ ಕೂತಿದ್ದ. ಅವ್ವ ರಾಗಿರೊಟ್ಟಿ ತಟ್ಟುತ್ತಿದ್ದಳು. ಬೆಂದ ರೊಟ್ಟಿಯನ್ನು ಕೈಗೆ ತೆಗೆದುಕೊಂಡಳು. ನಡುವೆ ಮುರಿದಳು. ಅರ್ಧ ಅವನ ತಟ್ಟೆಗೆ ಹಾಕಿದಳು, ನಿಂತಳು, ಇನ್ನರ್ಧ ಹಾಕಿದಳು. ಎರಡಾಯಿತು ಅಂದಳು, ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ದೇವರ ಜೊತೆ ಮೋಸದಾಟ ಅಂತ ನನ್ನ ತಲೆಗೆ ಮೊಟಕಿದ್ದ ಕೈ ಅದೇ. ಆವತ್ತೇ ನಾನು ವಿಷಲನ್ನು ಡ್ರಾಯರಿಗೆ ಹಾಕಿದ್ದು. ಖುಷಿಯಲ್ಲಿ ಹಾಕಿದ್ದೆ. ಆ ಬೆಳಿಗ್ಗೆ ಅವ್ವ ತನ್ನ ತಟ್ಟೆಗೆ ಏನು ಹಾಕಿಕೊಂಡಳು ಅಂತ ಖುಷಿಯಲ್ಲಿ ನೋಡಿರಲಿಲ್ಲ.

ಈಗ ಭರತ್ ತೂಕದಲ್ಲಿ ಇಳಿಯುತ್ತಿದ್ದಾನೆ. ಮಾತ್ರೆ ನಡೆಯುತ್ತಿದೆ, ಸಕ್ಕರೆ ಸ್ವಲ್ಪ ಹಿಡಿತಕ್ಕೆ ಬಂದಿದೆ. ಡಾಕ್ಟರು ಹೀಗೇ ಮುಂದುವರಿಯಲಿ ಅಂತಷ್ಟೇ ಅಂದರು, ಬೇರೆ ಭರವಸೆ ಕೊಡಲಿಲ್ಲ. ಮಾಗಿ ಚಳಿಯಲ್ಲೂ ಏಳುತ್ತಾನೆ. ಹೋಟೆಲು ಬಂದಾಗ ಎದುರಿನ ಫುಟ್‌ಪಾತಿಗೆ ದಾಟುತ್ತಾನೆ. ಬಂಡೆಯನ್ನು ನಿಲ್ಲದೆ ಹತ್ತುತ್ತೇನೆ ಅನ್ನುತ್ತಾನೆ, ನಾನು ನೋಡಿಲ್ಲ. ಕ್ಲಾಸಿನ ಹುಡುಗರು ಹೆಸರು ಬದಲಾಯಿಸಿಲ್ಲವಂತೆ.

ಅವ್ವನೂ ಇಳಿಯುತ್ತಿದ್ದಾಳೆ. ಬಳೆ ಮೊಣಕೈವರೆಗೆ ಜಾರುತ್ತದೆ. ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ, ಎಲ್ಲ ಪರೀಕ್ಷೆ ಮಾಡಿಸಿ ವಯಸ್ಸಾಯಿತು ಅಂದರು. ಅವರಿಗೆ ಗೊತ್ತಾಗುವ ಕಾಯಿಲೆ ಅಲ್ಲ ಅದು. ಕಮ್ಮಿ ತಿನ್ನು, ಓಡು, ಕೈ ಎತ್ತು ಅಂತ ಮಕ್ಕಳಿಗೆ ಹೇಳುವುದು ನನಗೆ ಗೊತ್ತಿದೆ, ಅದಕ್ಕೇ ನನಗೆ ಸಂಬಳ ಕೊಟ್ಟರು. ಇದಕ್ಕೆ ಯಾವ ವಿಷಲ್ ಊದಲಿ?

ಇವತ್ತು ಲೈಟರ್ ಸಿಗದೆ ಬೆಂಕಿಕಡ್ಡಿ ಗೀರಿ ಒಲೆ ಹಚ್ಚಿದೆ. ರೊಟ್ಟಿ ನಾನೇ ತಟ್ಟಿದೆ. ಭರತನಿಗೆ ಅವ್ವ ಬಂದು ಒಂದನ್ನು ಮುರಿದು ಎರಡು ಮಾಡಿ ಹಾಕಿದಳು. ಆಮೇಲೆ ತನ್ನ ತಟ್ಟೆಗೆ ಒಂದು ರೊಟ್ಟಿ ಹಾಕಿಕೊಂಡಳು. ಮುರಿಯಲಿಲ್ಲ. ಮೂರು ತಿಂಗಳಿನಿಂದ ದಿನಾ ಹೀಗೇ. ನಾನು ಇನ್ನೊಂದು ಹಿಡಿದುಕೊಂಡು ಅವಳ ಹತ್ತಿರ ಹೋದೆ. ಹುಡುಗ ಅವತ್ತು ಎಲೆಗೆ ಅಡ್ಡ ಇಟ್ಟ ಹಾಗೇ ಅವಳು ತಟ್ಟೆಗೆ ಕೈ ಅಡ್ಡ ಇಟ್ಟಳು.

"ನಂಗೆ ಒಂದು ಸಾಕು ಕಣೆ," ಅಂದಳು.